ಉಳಿತಾಯ ಮತ್ತು ಆರೋಗ್ಯ: ಭೋಸರಿಯ ದುಡಿಮೆಗಾರರ ಸಂಸಾರಕ್ಕೆ ಕೆಲವು ಮಾತುಗಳು

ರಕ್ತದೊತ್ತಡ, ಸಿಹಿಮೂತ್ರ, ಬೆನ್ನುನೋವುಗಳ ವಿಚಾರವನ್ನು ಓದಲೆಂದು ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡವರಿಗೆ ನಡುವೆ ಜಮಾಖರ್ಚಿನ ಲೇಖನವೊಂದು ಎದುರಾದರೆ ಆಶ್ಚರ್ಯವಾಗುವುದು ಸಹಜ. ಆದರೆ ದುಡಿಯುವವರ ಮನೆಯಲ್ಲಿ ರೋಗಕ್ಕೂ ಹಣಕ್ಕೂ ಇರುವ ಸಂಬಂಧ ಬಹಳ ಹತ್ತಿರದ್ದು. ವೈದ್ಯರು ಬರೆದುಕೊಟ್ಟ ಮಾತ್ರೆ ತಿಂಗಳ ಕೊನೆಯ ವಾರದಲ್ಲಿ ನಿಂತುಹೋಗುವುದು ಮರೆವಿನಿಂದಲ್ಲ, ಜೇಬು ಬರಿದಾಗಿರುವುದರಿಂದ. ಎದೆನೋವನ್ನು 'ಗ್ಯಾಸು' ಎಂದು ಮುಂದೂಡುವುದೂ ಎಷ್ಟೋ ಸಲ ಅಜ್ಞಾನದಿಂದಲ್ಲ, ಆಸ್ಪತ್ರೆಯ ಬಿಲ್ಲಿನ ಭಯದಿಂದ. ಸಾಲಗಾರನಿಗೆ ನಿದ್ರೆಯಿಲ್ಲ, ನಿದ್ರೆಯಿಲ್ಲದವನಿಗೆ ಆರೋಗ್ಯವಿಲ್ಲ. ಆದುದರಿಂದ ಆದಾಯಕ್ಕಿಂತ ಕಡಿಮೆಯಲ್ಲಿ ಬಾಳುವುದನ್ನೂ ಮಿಕ್ಕಿದ್ದನ್ನು ಕೂಡಿಡುವುದನ್ನೂ ಆರೋಗ್ಯರಕ್ಷಣೆಯ ಒಂದು ಅಂಗವೆಂದೇ ಭಾವಿಸಿ ಈ ಮಾತುಗಳನ್ನು ಬರೆಯಲಾಗಿದೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಹಾಸಿಗೆಯ ಉದ್ದವೇ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ಏನು ಮಾಡಬೇಕು? ಭೋಸರಿಯಲ್ಲಿ ದುಡಿಯುವವರ ನಿಜವಾದ ಪ್ರಶ್ನೆ ಇದೇ ಆಗಿದೆ.

ಭೋಸರಿಯ ಸಂಬಳದ ಸ್ವರೂಪ

1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಬಳಿಕ ಪಿಂಪರಿ, ಚಿಂಚವಡ, ಭೋಸರಿಗಳ ಚಹರೆಯೇ ಬದಲಾಯಿತು. ಭೋಸರಿಯ ಎಂ.ಐ.ಡಿ.ಸಿ. ಪ್ರದೇಶದಲ್ಲಿ ದೊಡ್ಡ ವಾಹನ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸುವ ಸಣ್ಣ, ಮಧ್ಯಮ ಘಟಕಗಳು ತುಂಬಿಕೊಂಡಿವೆ. ಲೇಥು, ಪ್ರೆಸ್ಸು, ವೆಲ್ಡಿಂಗು, ಬಣ್ಣದ ಕೆಲಸ ಎಂದು ಅಲ್ಲಿ ದುಡಿಯುವವರಲ್ಲಿ ಕಲಬುರ್ಗಿ, ಬೀದರ, ವಿಜಯಪುರ, ಬೆಳಗಾವಿ ಕಡೆಯಿಂದ ಬಂದ ನಮ್ಮವರೂ ಇದ್ದಾರೆ. ಇಂಥ ಘಟಕಗಳ ಸಂಬಳಕ್ಕೆ ಒಂದು ವಿಶೇಷ ಸ್ವರೂಪವುಂಟು. ಮೂಲವೇತನ ಮಿತವಾದದ್ದು; ಅದರ ಮೇಲೆ ಓವರ್‌ಟೈಮಿನ ಹಣ. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಬಂದ ನಿಯಮವಾದ್ದರಿಂದ, ಅದು ನಿಯಮದಂತೆ ಸಿಕ್ಕುವ ಕಡೆ ನಾಲ್ಕು ವಾರಗಳ ಹೆಚ್ಚಿನ ದುಡಿಮೆ ಸಂಬಳದ ಅಂಕಿಯನ್ನು ಚೆನ್ನಾಗಿಯೇ ಉಬ್ಬಿಸುತ್ತದೆ.

ತೊಂದರೆ ಇರುವುದು ಇಲ್ಲಿಯೇ. ಉಬ್ಬಿದ ಅಂಕಿಯನ್ನೇ ನಾವು 'ನಮ್ಮ ಸಂಬಳ' ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತೇವೆ. ಆ ಅಂಕಿಗೆ ತಕ್ಕ ಬಾಡಿಗೆಯ ಮನೆ, ಆ ಅಂಕಿಗೆ ತಕ್ಕ ಶಾಲೆ, ಆ ಅಂಕಿಯನ್ನು ನಂಬಿ ಕೊಂಡ ಮೋಟಾರ್ ಸೈಕಲ್ಲಿನ ಕಂತು. ಓವರ್‌ಟೈಮು ನಿಲ್ಲಬಹುದು, ಕಂತು ನಿಲ್ಲುವುದಿಲ್ಲ. 2019ರಲ್ಲಿ ದೇಶದಲ್ಲೆಲ್ಲ ವಾಹನಗಳ ಮಾರಾಟ ಕುಸಿದಾಗ ದೊಡ್ಡ ಕಾರ್ಖಾನೆಗಳು ಕೆಲವು ಕೆಲವು ದಿನ ಉತ್ಪಾದನೆಯನ್ನು ನಿಲ್ಲಿಸಿದವು. ದೊಡ್ಡ ಗಾಲಿ ನಿಂತರೆ ಅದಕ್ಕೆ ಹಲ್ಲು ಕೂಡಿಸಿದ ಸಣ್ಣ ಗಾಲಿಗಳೂ ನಿಲ್ಲಬೇಕಾಗುತ್ತದೆ. ಆ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್ 25ರಿಂದ ಕೊರೋನಾ ನಿಮಿತ್ತ ದೇಶವೇ ಬಾಗಿಲು ಮುಚ್ಚಿತು. ಆಗ ಯಾವ ಸಂಸಾರ ಊರಿನ ದಾರಿ ಹಿಡಿಯಬೇಕಾಯಿತು, ಯಾವುದು ಇಲ್ಲಿಯೇ ನಿಂತು ಕಾಯಬಲ್ಲದ್ದಾಯಿತು ಎಂಬುದನ್ನು ನಿರ್ಧರಿಸಿದ್ದು ಸಂಬಳದ ದೊಡ್ಡಸ್ತಿಕೆಯಷ್ಟೇ ಅಲ್ಲ. ಮನೆಯಲ್ಲಿ ಕೂಡಿಟ್ಟದ್ದು ಎಷ್ಟು ತಿಂಗಳಿಗೆ ಸಾಲುತ್ತಿತ್ತು ಎಂಬುದೂ ಆಗಿತ್ತು.

ಬೇಸಗೆಯ ಅಳತೆ

ಈ ಲೇಖನ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಸಂಸಾರದ ಖರ್ಚನ್ನು ತುಂಬಿದ ತಿಂಗಳ ಸಂಬಳಕ್ಕೆ ಹೊಂದಿಸದೆ, ಒಣ ತಿಂಗಳ ಸಂಬಳಕ್ಕೆ ಹೊಂದಿಸಬೇಕು.

ಇದು ನಮಗೆ ಹೊಸ ಪಾಠವಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 'ಹಗೇವು' ಎಂಬ ನೆಲದೊಳಗಿನ ಕಣಜಗಳಿದ್ದವು. ಸುಗ್ಗಿಯ ಜೋಳವನ್ನು ಅದರೊಳಗೆ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಮರೆಯುತ್ತಿದ್ದರು. ಸುಗ್ಗಿಯಲ್ಲಿ ಜೋಳ ಹೆಚ್ಚಾಯಿತೆಂದು ಯಾರೂ ದಿನಕ್ಕೆ ಎಂಟು ರೊಟ್ಟಿ ತಿನ್ನುತ್ತಿರಲಿಲ್ಲ. ಮುಂದಿನ ಮಳೆ ಕೈಕೊಟ್ಟರೆ ಎಂಬ ಎಣಿಕೆ ಆ ಒಕ್ಕಲುತನದಲ್ಲಿಯೇ ಅಡಕವಾಗಿತ್ತು. ಬಿತ್ತನೆಯ ಬೀಜವನ್ನಂತೂ ಎಂಥ ಹಸಿವಿನಲ್ಲಿಯೂ ಮುಟ್ಟುತ್ತಿರಲಿಲ್ಲ. ಮಳೆಯ ಲೆಕ್ಕವನ್ನು ಅಷ್ಟು ಜಾಣತನದಿಂದ ಇಟ್ಟ ಹಿರಿಯರ ಮಕ್ಕಳು ನಾವು. ಸಂಬಳವೆಂಬ ಮಳೆಯೂ ಕೈಕೊಡಬಹುದೆಂಬುದನ್ನು ಮಾತ್ರ ಪಟ್ಟಣಕ್ಕೆ ಬಂದ ಮೇಲೆ ಮರೆತಂತಿದೆ.

ಪುಣೆಯ ಬಳಿಯಲ್ಲಿಯೇ ಇದಕ್ಕೊಂದು ಒಳ್ಳೆಯ ನಿದರ್ಶನವುಂಟು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ಸರ್ ಎಂ. ವಿಶ್ವೇಶ್ವರಯ್ಯನವರು ಖಡಕವಾಸಲಾ ಜಲಾಶಯಕ್ಕೆ ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದರು. 1903ರಲ್ಲಿ ಅವು ಅಲ್ಲಿ ನೆಲೆಗೊಂಡವು. ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಈ ಬಾಗಿಲುಗಳು ಒಂದು ನಿಶ್ಚಿತ ಮಟ್ಟದವರೆಗೆ ತಡೆದು ನಿಲ್ಲಿಸುತ್ತಿದ್ದವು. ಆ ಮಟ್ಟ ಮೀರಿದಾಗ ತಾವಾಗಿಯೇ ತೆರೆದುಕೊಂಡು ನೆರೆಯನ್ನು ಹೊರಬಿಡುತ್ತಿದ್ದವು. ಅಣೆಕಟ್ಟಿನ ಎತ್ತರವನ್ನು ಹೆಚ್ಚಿಸದೆಯೇ ಬೇಸಗೆಗೆ ಹೆಚ್ಚು ನೀರು ಉಳಿಯಿತು.

ಸಂಸಾರಕ್ಕೆ ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸಂಬಳವೆಂಬ ಅಣೆಕಟ್ಟಿನ ಎತ್ತರ ಕೂಡಲೇ ನಮ್ಮ ಕೈಯಲ್ಲಿಲ್ಲ; ಆದರೆ ಕೋಡಿ ಹರಿದುಹೋಗುವುದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಎರಡನೆಯದಾಗಿ, ಆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳಬೇಕು. ಪ್ರತಿ ತಿಂಗಳೂ 'ಮಿಕ್ಕರೆ ಉಳಿಸೋಣ' ಎಂದು ಮನಸ್ಸಿನೊಡನೆ ಚೌಕಾಶಿಗೆ ಕುಳಿತರೆ ಗೆಲ್ಲುವುದು ಪೇಟೆಯೇ ಹೊರತು ನಾವಲ್ಲ. ಸಂಬಳ ಜಮೆಯಾದ ಮರುದಿನವೇ ಗೊತ್ತಾದ ಮೊತ್ತ ತಾನಾಗಿ ಆರ್.ಡಿ. ಖಾತೆಗೆ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟರೆ, ಅದೇ ನಮ್ಮ ಮನೆಯ ಸ್ವಯಂಚಾಲಿತ ಬಾಗಿಲು.

ಒಂದು ಸಂಸಾರದ ಲೆಕ್ಕ

ಮಾತು ಲೆಕ್ಕಕ್ಕೆ ಇಳಿಯದಿದ್ದರೆ ಉಪದೇಶವಾಗಿಯೇ ಉಳಿಯುತ್ತದೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಎರಡು ಮಕ್ಕಳ ಸಂಸಾರವೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಓವರ್‌ಟೈಮಿಲ್ಲದ ತಿಂಗಳಲ್ಲಿ ಕೈಗೆ ಬರುವುದು 20,000 ರೂಪಾಯಿ. ವರ್ಷದಲ್ಲಿ ಎಂಟು ತಿಂಗಳು ಓವರ್‌ಟೈಮು ದೊರೆತು ಆಗ 25,000 ಬರುತ್ತದೆ ಎನ್ನೋಣ. ಈ ಸಂಸಾರದ ಆದಾಯವೆಷ್ಟು? 20,000 ಎಂದೇ ಉತ್ತರಿಸಬೇಕು. ಅದರಲ್ಲಿ ಮೊದಲಿಗೆ 1,500 ರೂಪಾಯಿಯನ್ನು ತೆಗೆದಿಡಬೇಕು. ಉಳಿದ 18,500 ಹೀಗೆ ಹಂಚಿಕೆಯಾಗಬಹುದು: ಮನೆಬಾಡಿಗೆ 5,500; ದಿನಸಿ, ಹಾಲು, ಕಾಯಿಪಲ್ಯ 6,500; ಶಾಲೆಯ ಖರ್ಚು 1,800; ಓಡಾಟ 1,200; ಗ್ಯಾಸು, ವಿದ್ಯುತ್ತು, ಫೋನು 1,300; ಔಷಧಿ 500; ಊರಿನಲ್ಲಿರುವ ತಂದೆತಾಯಿಗಳಿಗೆ 1,700. ನಿಮ್ಮ ಮನೆಯ ಅಂಕಿಗಳು ಬೇರೆ ಇರಬಹುದು. ಕ್ರಮ ಮಾತ್ರ ಇದೇ ಇರಲಿ. ಮೊದಲು ಉಳಿತಾಯ, ಆಮೇಲೆ ಖರ್ಚು.

ಇನ್ನು ಓವರ್‌ಟೈಮಿನ 5,000. ಅದನ್ನು ನಾಲ್ಕು ಪಾಲು ಮಾಡಿ, ಮೂರು ಪಾಲನ್ನು ಆಪತ್ತಿನ ನಿಧಿಗೆ ಸೇರಿಸಿ; ಒಂದು ಪಾಲು ಹಬ್ಬಕ್ಕೆ, ಊರಿನ ಜಾತ್ರೆಗೆ, ಮಕ್ಕಳ ಸಂತೋಷಕ್ಕೆ ಇರಲಿ. ಸಂತೋಷಕ್ಕೆ ಎಡೆಯಿಲ್ಲದ ಉಳಿತಾಯ ಬಹಳ ದಿನ ಬಾಳುವುದಿಲ್ಲ. ಹೀಗೆ ವರ್ಷಕ್ಕೆ ಓವರ್‌ಟೈಮಿನಿಂದ 30,000, ತಿಂಗಳ ಉಳಿತಾಯದಿಂದ 18,000, ಒಟ್ಟು 48,000 ರೂಪಾಯಿ ಕೂಡುತ್ತದೆ. ಆರು ತಿಂಗಳ ಖರ್ಚೆಂದರೆ 1,11,000 ರೂಪಾಯಿ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಸುಮಾರು ಎರಡು ವರ್ಷ ನಾಲ್ಕು ತಿಂಗಳಲ್ಲಿ ಈ ಸಂಸಾರ ಅರ್ಧ ವರ್ಷ ಕೆಲಸವಿಲ್ಲದೆಯೂ ಯಾರ ಬಾಗಿಲಿಗೂ ಹೋಗದೆ ಬದುಕಬಲ್ಲದು. ಅದೇ ಸಂಸಾರ 25,000ಕ್ಕೆ ಖರ್ಚನ್ನು ಹೊಂದಿಸಿಕೊಂಡಿದ್ದರೆ, ಓವರ್‌ಟೈಮಿಲ್ಲದ ನಾಲ್ಕು ತಿಂಗಳಲ್ಲಿ ಪ್ರತಿವರ್ಷವೂ 20,000 ರೂಪಾಯಿ ಸಾಲ ಮಾಡಬೇಕಾಗುತ್ತಿತ್ತು. ದುಡಿಮೆ ಅದೇ, ಸಂಬಳವೂ ಅದೇ. ಆರಿಸಿಕೊಂಡ ಅಳತೆಗೋಲು ಮಾತ್ರ ಬೇರೆ.

ಎರಡಾಣೆಯ ಕಥೆ

"ಸಣ್ಣ ಸಂಬಳದವರು ಉಳಿಸುವುದು ಎಲ್ಲಿಂದ?" ಎಂಬ ಮಾತಿಗೆ ಕನ್ನಡನಾಡಿನ ಕರಾವಳಿ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಈ ಮೂವರು ಸೇರಿ, ಸಂಕಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ ಇದೇ. 1928ರಲ್ಲಿ ಅದು 'ಪಿಗ್ಮಿ' ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರ ಮನೆಬಾಗಿಲಿಗೇ ಏಜೆಂಟರು ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು.

ಪಿಗ್ಮಿಯ ಗುಟ್ಟು ಬಡ್ಡಿಯಲ್ಲಿರಲಿಲ್ಲ. ಹಣ ಖರ್ಚಾಗುವ ಮೊದಲೇ ಅದು ಕೈಬಿಟ್ಟು ಹೋಗುತ್ತಿತ್ತು ಎಂಬುದರಲ್ಲಿ ಇತ್ತು. ಎರಡಾಣೆ ಕೊಟ್ಟವನಿಗೆ ಅಂದು ತಾನು ಬಡವನಾದೆನೆಂದು ಅನಿಸುತ್ತಿರಲಿಲ್ಲ. ಹನಿಗೂಡಿ ಹಳ್ಳವಾಗುವುದೆಂದರೆ ಇದೇ ತಾನೆ? ದಿನಕ್ಕೆ 30 ರೂಪಾಯಿಯನ್ನು ತಂಬಾಕು, ಸುಪಾರಿಗೆ ಕೊಡುವವರು ವರ್ಷಕ್ಕೆ 10,950 ರೂಪಾಯಿ ಕೊಟ್ಟಂತಾಯಿತು. ಆ ಹಣದಿಂದ ಕೊಂಡದ್ದು ಬಾಯಿಯ ಕ್ಯಾನ್ಸರಿನ ಭಯವನ್ನಷ್ಟೇ. ಈ ಒಂದು ಖರ್ಚನ್ನು ನಿಲ್ಲಿಸುವುದು ಮಾತ್ರ ಉಳಿತಾಯವೂ ಹೌದು, ಚಿಕಿತ್ಸೆಯೂ ಹೌದು.

ಕೂಡಿಟ್ಟದ್ದನ್ನು ಎಲ್ಲಿಡಬೇಕು?

ಕೂಡಿಡುವಷ್ಟೇ ಮುಖ್ಯವಾದುದು ಕೂಡಿಟ್ಟದ್ದು ಕೈಗೆ ಸಿಗುವಂತಿರುವುದು. ಪುಣೆಯ ಜನರಿಗೆ ಇದರ ಕಹಿ ಅನುಭವವಿದೆ. 1912ರಷ್ಟು ಹಿಂದಿನ ರೂಪೀ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. 2022ರಲ್ಲಿ ಅದರ ಪರವಾನಗಿ ರದ್ದಾಯಿತು. ಪಿಂಪರಿಯ ಸೇವಾ ವಿಕಾಸ ಸಹಕಾರಿ ಬ್ಯಾಂಕಿನ ಪರವಾನಗಿಯೂ ಅದೇ ವರ್ಷ ರದ್ದಾಯಿತು. ಇಂಥ ಆಪತ್ತಿಗಾಗಿಯೇ ಠೇವಣಿ ವಿಮೆಯ ಏರ್ಪಾಡಿದೆ. ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ ಅಸಲು, ಬಡ್ಡಿ ಸೇರಿ ಒಂದು ಲಕ್ಷ ರೂಪಾಯಿಯಷ್ಟಿದ್ದ ಈ ರಕ್ಷಣೆಯನ್ನು 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೆ ಏರಿಸಲಾಯಿತು. ಆದರೆ ಒಂದು ಸಂಗತಿಯನ್ನು ಚೆನ್ನಾಗಿ ನೆನಪಿಡಬೇಕು: ಈ ವಿಮೆ ಬ್ಯಾಂಕುಗಳಿಗೆ ಮಾತ್ರ. ಓಣಿಓಣಿಗೂ ಕಾಣುವ ಪತಸಂಸ್ಥೆಗಳು ಬ್ಯಾಂಕುಗಳಲ್ಲ. ಅವುಗಳ ಠೇವಣಿಗೆ ಈ ರಕ್ಷಣೆಯಿಲ್ಲ. ಎರಡು ಶೇಕಡ ಹೆಚ್ಚು ಬಡ್ಡಿಯ ಆಸೆಗೆ ಆಪತ್ತಿನ ನಿಧಿಯನ್ನು ಅಲ್ಲಿ ಇಡುವುದು ವಿವೇಕವಲ್ಲ.

ನಮ್ಮ ಹೆಣ್ಣುಮಕ್ಕಳು ಭಿಶಿ ಹಾಕುವುದುಂಟು. ಹತ್ತು ಮಂದಿ ತಿಂಗಳಿಗಿಷ್ಟೆಂದು ಕೂಡಿಸಿ ಸರದಿಯಂತೆ ಒಬ್ಬೊಬ್ಬರು ಎತ್ತಿಕೊಳ್ಳುವ ಈ ಪದ್ಧತಿ ಶಿಸ್ತನ್ನು ಕಲಿಸುತ್ತದೆ, ನಿಜ. ಆದರೆ ಮೊದಲು ಎತ್ತಿದವರು ಸಾಲಗಾರರು, ಕೊನೆಗೆ ಎತ್ತುವವರು ಸಾಲ ಕೊಟ್ಟವರು ಎಂಬುದನ್ನು ಮರೆಯಬಾರದು. ನಡುವೆ ಒಬ್ಬರು ಕೈಯೆತ್ತಿದರೆ ನಷ್ಟ ಕೊನೆಯವರದೇ. ಪರಸ್ಪರ ಮನೆ ಬಲ್ಲವರ ಸಣ್ಣ ಭಿಶಿ ಪಾತ್ರೆಪಡಗಕ್ಕೆ ಸಾಕು. ಕಾಯಿಲೆಗೆಂದು ಇಟ್ಟ ಹಣ ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಇರಲಿ. ಅಂಚೆ ಉಳಿತಾಯ ಬ್ಯಾಂಕು 1882ರಿಂದ ಈ ದೇಶದಲ್ಲಿ ನಡೆದುಬಂದಿದೆ. ಹದಿನೈದು ವರ್ಷ ಮುಟ್ಟದೆ ಇಡಬಲ್ಲ ಹಣಕ್ಕೆ 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯನಿಧಿ, ಹೆಣ್ಣುಮಗುವಿಗಾಗಿ 2015ರ ಸುಕನ್ಯಾ ಸಮೃದ್ಧಿ ಯೋಜನೆ ಇವೆ. ಆದರೆ ಅವು ದೂರದ ಗುರಿಗೆ. ಮೊದಲು ಆರು ತಿಂಗಳ ನಿಧಿ ತುಂಬಲಿ.

ಸಾಲದ ನಿಜವಾದ ಬೆಲೆ

ಕೈಸಾಲ ಕೊಡುವವರು "ನೂರಕ್ಕೆ ಐದು" ಎಂದಾಗ ಅದು ಕಿವಿಗೆ ಸಣ್ಣದಾಗಿಯೇ ಕೇಳಿಸುತ್ತದೆ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ನೂರಕ್ಕೆ ಅರವತ್ತು. 20,000 ರೂಪಾಯಿ ತಂದವರು ತಿಂಗಳಿಗೆ 1,000 ಬಡ್ಡಿ ಕಟ್ಟುತ್ತ ಹೋದರೆ, ಇಪ್ಪತ್ತು ತಿಂಗಳಲ್ಲಿ ತಂದಷ್ಟನ್ನೂ ಕಟ್ಟಿ ಮುಗಿದಿರುತ್ತದೆ. ಅಸಲು ಮಾತ್ರ ಹಾಗೆಯೇ ನಿಂತಿರುತ್ತದೆ.

ವಾಹನಸಾಲದಲ್ಲಿ ಇನ್ನೊಂದು ಬಗೆಯ ಮರೆ ಇದೆ. 60,000 ರೂಪಾಯಿ ಸಾಲಕ್ಕೆ 'ಫ್ಲ್ಯಾಟ್' ದರದಲ್ಲಿ ನೂರಕ್ಕೆ ಹನ್ನೆರಡರಂತೆ ಎರಡು ವರ್ಷದ ಬಡ್ಡಿ 14,400; ತಿಂಗಳ ಕಂತು 3,100. ಕೇಳಲು ಹನ್ನೆರಡು. ಆದರೆ ಪ್ರತಿ ಕಂತಿನಲ್ಲಿಯೂ ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲಿನ ಪೂರ್ಣ ಮೊತ್ತದ ಮೇಲೆಯೇ ಹಾಕಿರುತ್ತಾರೆ. ಕರಗುವ ಅಸಲಿನ ಮೇಲೆ ಲೆಕ್ಕ ಮಾಡಿದರೆ ಅದು ವರ್ಷಕ್ಕೆ ನೂರಕ್ಕೆ ಇಪ್ಪತ್ತೊಂದಕ್ಕೂ ಮಿಕ್ಕುತ್ತದೆ. ಸಹಿ ಹಾಕುವ ಮೊದಲು "ಇದು ಫ್ಲ್ಯಾಟ್ ದರವೋ, ಇಳಿಯುವ ಬಾಕಿಯ ಮೇಲಿನ ದರವೋ?" ಎಂದು ಕೇಳುವುದಕ್ಕೆ ಸಂಕೋಚವೇಕೆ? ಮೇಲಿನ ಬಡ್ಡಿಯ ಹಳೆಯ ಸಾಲವಿದ್ದವರು ಒಂದು ತಿಂಗಳ ಖರ್ಚಿನಷ್ಟು ಹಣ ಕೂಡಿದ ಕೂಡಲೇ ಮೊದಲು ಆ ಸಾಲವನ್ನು ತೀರಿಸುವುದೇ ಲೇಸು. ಅಷ್ಟು ಬಡ್ಡಿ ಕೊಡುವ ಠೇವಣಿ ಎಲ್ಲಿಯೂ ಇಲ್ಲ. ಇದೆಯೆಂದು ಯಾರಾದರೂ ಹೇಳಿದರೆ ಅವರಿಂದ ದೂರವಿರಬೇಕು.

ಕಾಣದೆ ಕೂಡುವ ಹಣ

ನಮ್ಮ ಸಂಬಳದ ಚೀಟಿಯಲ್ಲಿಯೇ ಎರಡು ರಕ್ಷಣೆಗಳಿವೆ. 1952ರ ಕಾಯಿದೆಯ ಭವಿಷ್ಯನಿಧಿಯಲ್ಲಿ ಸಾಮಾನ್ಯವಾಗಿ ನೌಕರರು ವೇತನದ ಶೇಕಡ 12, ಮಾಲೀಕರು ಅಷ್ಟೇ ಪಾಲು ಹಾಕುತ್ತಾರೆ. ಮಾಲೀಕರ ಪಾಲಿನಲ್ಲಿ ಒಂದು ಭಾಗ 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ತಿಂಗಳ ಪಿಂಚಣಿಗೆ ಅರ್ಹರಾಗಲು ಹತ್ತು ವರ್ಷದ ಸೇವೆ ಕೂಡಬೇಕು. ಗುತ್ತಿಗೆಯ ಕೆಲಸದಲ್ಲಿರುವವರು ಕಂಪನಿ ಬದಲಾದಾಗಲೆಲ್ಲ ಹಳೆಯ ಹಣವನ್ನು ತೆಗೆದು ಖರ್ಚು ಮಾಡಿದರೆ, ಬಿತ್ತನೆಯ ಬೀಜವನ್ನು ಹುರಿದು ತಿಂದಂತೆ. ಯು.ಎ.ಎನ್. ಸಂಖ್ಯೆ ಒಂದೇ ಇರಲಿ. ಹಳೆಯ ಖಾತೆಯನ್ನು ಹೊಸದಕ್ಕೆ ವರ್ಗಾಯಿಸಿಕೊಳ್ಳಿರಿ. ನಾಮನಿರ್ದೇಶನದಲ್ಲಿ ಹೆಂಡತಿಯ ಹೆಸರು ಇದೆಯೇ ಎಂದು ನೋಡಿರಿ. ಮನೆಯಲ್ಲಿ ಆಕೆಗೂ ಈ ಕಾಗದಪತ್ರಗಳ ಪರಿಚಯವಿರಲಿ.

ಎರಡನೆಯದು ಇ.ಎಸ್.ಐ. 2019ರ ಜುಲೈಯಿಂದ ಇದಕ್ಕೆ ಕಾರ್ಮಿಕರ ಪಾಲು ಶೇಕಡ 0.75 ಎಂದು ನಿಗದಿಯಾಯಿತು. 20,000 ರೂಪಾಯಿ ವೇತನಕ್ಕೆ 150 ರೂಪಾಯಿ. ಅದಕ್ಕೆ ಪ್ರತಿಯಾಗಿ ಕುಟುಂಬಕ್ಕೆ ಚಿಕಿತ್ಸೆ, ಅರ್ಹರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡ 70, ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾರದೆ ಹೋದರೆ ಶೇಕಡ 90 ದೊರೆಯುತ್ತದೆ. ಚಿಂಚವಡದಲ್ಲಿ ಇ.ಎಸ್.ಐ. ಆಸ್ಪತ್ರೆಯೂ ಇದೆ. ಹೀಗಿದ್ದೂ ಕಾರ್ಡು ಮಾಡಿಸಿಕೊಳ್ಳದೆ ಖಾಸಗಿ ಆಸ್ಪತ್ರೆಗೆ ಸಾಲ ತಂದು ಸುರಿಯುವವರಿದ್ದಾರೆ. ಆದರೆ ಗಮನಿಸಿರಿ: ಕಾಯಿಲೆಯಲ್ಲಿ ವೇತನದ ನೂರಕ್ಕೆ ಮೂವತ್ತು ಕಡಿಮೆಯೇ ಆಗುತ್ತದೆ. ಆ ಮೂವತ್ತನ್ನು ತುಂಬಬೇಕಾದುದು ಮನೆಯ ನಿಧಿಯೇ.

ಎಲ್ಲಿ ಉಳಿಸಬಾರದು

ಉಳಿತಾಯವೆಂದರೆ ಹೊಟ್ಟೆ ಕಟ್ಟುವುದಲ್ಲ. ಮಕ್ಕಳ ಹಾಲು, ಬೇಳೆ, ಸೊಪ್ಪುಗಳಲ್ಲಿ ಉಳಿಸಿದ್ದು ಮುಂದೆ ವೈದ್ಯರ ಮನೆ ಸೇರುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ದಿನಬಿಟ್ಟು ದಿನ ನುಂಗುವುದು ಉಳಿತಾಯವಲ್ಲ; ಅದೇ ಔಷಧಿ ಕಡಿಮೆ ಬೆಲೆಗೆ ಜನೌಷಧಿ ಅಂಗಡಿಯಲ್ಲಿ ಸಿಗುವುದೇ ಎಂದು ವೈದ್ಯರನ್ನು ಕೇಳುವುದು ಉಳಿತಾಯ. ಹಾಗೆಯೇ ದೇಹವನ್ನು ಹಿಂಡಿ ಹಣ ಮಾಡುವುದೂ ಉಳಿತಾಯವಲ್ಲ. ಕಂತು ಕಟ್ಟುವುದಕ್ಕಾಗಿ ವಾರಗಟ್ಟಲೆ ಹನ್ನೆರಡು ತಾಸು ನಿಂತು ದುಡಿಯುವ ದಣಿದ ಕೈ ಪ್ರೆಸ್ಸಿನ ಮುಂದೆ ಒಂದು ಕ್ಷಣ ಎಡವಿದರೆ, ಹೋದ ಬೆರಳನ್ನು ಯಾವ ಇಮ್ಮಡಿ ದರವೂ ಹಿಂದಿರುಗಿಸಲಾರದು.

ಕೂಡಿಟ್ಟ ಹಣದ ನಿಜವಾದ ಉಪಯೋಗ ಇಲ್ಲಿ ಗೋಚರಿಸುತ್ತದೆ. ಅದು ಕೊಳ್ಳುವ ಶಕ್ತಿಗಿಂತ ಮಿಗಿಲಾಗಿ 'ಒಲ್ಲೆ' ಎನ್ನುವ ಶಕ್ತಿ. ಜ್ವರವಿದ್ದ ದಿನ ಓವರ್‌ಟೈಮು ಒಲ್ಲೆ ಎನ್ನಬಹುದು. ರಕ್ಷಣೆಯ ಕವಚ ತೆಗೆದ ಯಂತ್ರದ ಮೇಲೆ ಕೂಡಲೊಲ್ಲೆ ಎನ್ನಬಹುದು. ನೂರಕ್ಕೆ ಐದರ ಸಾಲ ಒಲ್ಲೆ ಎನ್ನಬಹುದು. ಆರು ತಿಂಗಳ ಅನ್ನ ಮನೆಯಲ್ಲಿರುವವರ ಮಾತಿಗೂ, ಆರು ದಿನದ ಅನ್ನವಿಲ್ಲದವರ ಮಾತಿಗೂ ತೂಕ ಬೇರೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಒಣ ತಿಂಗಳ ಸಂಬಳ ಬಾಡಿಗೆಗೂ ಹಿಟ್ಟಿಗೂ ಸಾಲದವರು ನಮ್ಮ ನಡುವೆ ಇದ್ದಾರೆ. ಅವರಿಗೆ "ಉಳಿಸಿರಿ" ಎಂದು ಉಪದೇಶಿಸುವುದು ಗಾಯದ ಮೇಲೆ ಉಪ್ಪೆರೆದಂತೆ. ಅವರಿಗೆ ಬೇಕಾದುದು ನ್ಯಾಯವಾದ ವೇತನ, ಕಾಯಂ ಕೆಲಸ, ತಪ್ಪದೆ ಜಮೆಯಾಗುವ ಭವಿಷ್ಯನಿಧಿ. ಅರ್ಜಿ ತುಂಬುವುದಕ್ಕೂ ಇ.ಎಸ್.ಐ. ಕಾರ್ಡು ಮಾಡಿಸುವುದಕ್ಕೂ ಅಂಥವರ ಜೊತೆಯಲ್ಲಿ ನಿಲ್ಲುವುದು, ಓದುಬರಹ ಬಲ್ಲ ನಮ್ಮೆಲ್ಲರ ಕೆಲಸ. ಊರು ಬಿಟ್ಟು ಬಂದವರಿಗೆ ನೆರೆಹೊರೆಯ ಕನ್ನಡಿಗರೇ ಬಳಗ.

ಉಳಿದವರು ಮುಂದಿನ ಸಂಬಳದ ದಿನದವರೆಗೆ ಕಾಯಬೇಕಾಗಿಲ್ಲ. ಕಳೆದ ಹನ್ನೆರಡು ತಿಂಗಳ ಸಂಬಳದ ಚೀಟಿಗಳನ್ನು ಈ ಭಾನುವಾರ ಗಂಡಹೆಂಡಿರು ಕುಳಿತು ನೋಡಿರಿ. ಅವುಗಳಲ್ಲಿ ಎಲ್ಲಕ್ಕಿಂತ ಸಣ್ಣ ಅಂಕಿ ಯಾವುದೋ ಅದನ್ನು ಒಂದು ಕಾಗದದ ಮೇಲೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿರಿ. ಅದೇ ನಿಮ್ಮ ಹಾಸಿಗೆಯ ಉದ್ದ. ಅಷ್ಟರಲ್ಲಿ ಕಾಲು ಚಾಚಿ ಮಲಗಿದವರಿಗೆ ಒಳ್ಳೆಯ ನಿದ್ರೆ ಬರಲಿ.